ಒಂದು ಕ್ರಿಯಾಪದದ ಸಹವಾಸ

ಇಂಗ್ಲಿಷ್ ವ್ಯಾಕರಣವನ್ನು ಕ್ರಮವಾಗಿ ಓದಿದ ವಿದ್ಯಾರ್ಥಿಯೂ ಅದರ ಆಡುಮಾತಿನ ಮುಂದೆ ಒಮ್ಮೊಮ್ಮೆ ತಬ್ಬಿಬ್ಬಾಗುತ್ತಾನೆ. ‘ಹ್ಯಾಂಗ್’ ಎಂದರೆ ತೂಗುಹಾಕು, ‘ಔಟ್’ ಎಂದರೆ ಹೊರಗೆ. ಎರಡನ್ನೂ ಅವನು ಬಲ್ಲ. ಆದರೆ ಗೆಳೆಯರು ಸಂಜೆ ‘ಹ್ಯಾಂಗ್ ಔಟ್’ ಮಾಡಲು ಕರೆದರೆ ಆ ಎರಡರ್ಥಗಳೂ ನೆರವಿಗೆ ಬಾರವು. ಜೊತೆಗೂಡಿ ಹರಟುತ್ತ, ವಿಶೇಷ ಕೆಲಸವಿಲ್ಲದೆ ಹೊತ್ತು ಕಳೆಯುವುದೆಂದು ಅದರ ಭಾವ.

ಈ ತೊಡಕು ಹೊಸದಲ್ಲ. ಕ್ರಿಯಾಪದಕ್ಕೆ ಕಿರುಪದವೊಂದು ಸೇರಿ ಅರ್ಥ ಮಾರ್ಪಡುವುದೇ ಪರಭಾಷಿಕರಿಗೆ ಎಲ್ಲಕ್ಕಿಂತ ದೊಡ್ಡ ಕಷ್ಟವೆಂದು ಡಾಕ್ಟರ್ ಜಾನ್ಸನನು ತನ್ನ 1755ರ ನಿಘಂಟಿನ ಮುನ್ನುಡಿಯಲ್ಲಿಯೇ ಹೇಳಿದ್ದಾನೆ.

‘ಹ್ಯಾಂಗ್ ಔಟ್’ ಎಂಬುದನ್ನೇ ನೋಡಿ. ಒಗೆದ ಬಟ್ಟೆಯನ್ನು ಹೊರಗೆ ಒಣಹಾಕುವುದು ಅದರ ನೇರ ಅರ್ಥ. ಅಮೆರಿಕದಲ್ಲಿ ವಕೀಲನು ತನ್ನ ಹೆಸರಿನ ಹಲಗೆಯನ್ನು ‘ಹ್ಯಾಂಗ್ ಔಟ್’ ಮಾಡಿದನೆಂದರೆ ಸ್ವಂತ ವೃತ್ತಿಯನ್ನು ಆರಂಭಿಸಿದನೆಂದು ತಿಳಿಯಬೇಕು. ಹತ್ತೊಂಬತ್ತನೆಯ ಶತಮಾನದ ಆಡುಮಾತಿನಲ್ಲಿ ‘ವಾಸಿಸು’ ಎಂಬ ಅರ್ಥವೂ ಇತ್ತು. ಡಿಕನ್ಸನ ‘ಪಿಕ್‌ವಿಕ್ ಪೇಪರ್ಸ್’ (1836-37) ಕಾದಂಬರಿಯಲ್ಲಿ ವೈದ್ಯವಿದ್ಯಾರ್ಥಿಯೊಬ್ಬನು ಪಿಕ್‌ವಿಕ್ ಮಹಾಶಯನ ಬಿಡಾರವೆಲ್ಲಿ ಎಂಬುದನ್ನು ಈ ಮಾತಿನಿಂದಲೇ ವಿಚಾರಿಸುತ್ತಾನೆ. ಆ ಸಭ್ಯ ಹಿರಿಯನಾದರೋ, ತಾನು ಸದ್ಯಕ್ಕೆ ಇಂಥ ವಸತಿಗೃಹದಲ್ಲಿ ತೂಗುಬಿದ್ದಿರುವುದಾಗಿ ಉತ್ತರಿಸುತ್ತಾನೆ! ಸಲುಗೆಯ ನುಡಿಯನ್ನು ಅಕ್ಷರಶಃ ಗಂಭೀರ ಭಾಷೆಗೆ ತಂದರೆ ಏನಾಗುವುದೆಂಬುದಕ್ಕೆ ಇದಕ್ಕಿಂತ ಸೊಗಸಾದ ಪಾಠ ಬೇಕೆ?

ಇಂದಿನ ಬಳಕೆಯಲ್ಲಿ ವ್ಯಕ್ತಿಯನ್ನು ಹೇಳುವಾಗ ‘ವಿತ್’, ಸ್ಥಳವನ್ನು ಹೇಳುವಾಗ ‘ಅಟ್’ ಅಥವಾ ‘ಇನ್’ ಇದರೊಡನೆ ಬರುತ್ತದೆ. ಭೂತಕಾಲದ ರೂಪ ‘ಹಂಗ್’. ‘ಹ್ಯಾಂಗ್ಡ್’ ಎಂಬುದನ್ನು ನೇಣಿನ ಮಾತಿಗೆ ಬಿಡುವುದು ಲೇಸು. ಎರಡು ಪದಗಳೂ ಒಂದಾದರೆ ನಾಮಪದ: ಗೆಳೆಯರು ಸೇರುವ ತಾಣ, ನಮ್ಮ ಹರಟೆಕಟ್ಟೆ. ಒಟ್ಟಿನಲ್ಲಿ ಇದು ಸಲಿಗೆಯವರ ಮಾತು. ಪ್ರಿನ್ಸಿಪಾಲರಿಗೆ ಬರೆಯುವ ಪತ್ರದಲ್ಲಿ ಸಲ್ಲದು.

ಕನ್ನಡಿಗನು ಇದಕ್ಕೆ ಅಂಜಬೇಕಾಗಿಲ್ಲ. ‘ಕೈ’, ‘ಕೊಡು’ ಎರಡನ್ನೂ ಬಲ್ಲ ಪರಭಾಷಿಕನು ‘ಗೆಳೆಯ ಕೈಕೊಟ್ಟ’ ಎಂಬಲ್ಲಿ ನೆರವನ್ನು ಕಂಡಾನೇ ಹೊರತು ವಂಚನೆಯನ್ನಲ್ಲ. ನಾವು ಅದನ್ನು ನಿಘಂಟಿನಿಂದ ಕಲಿತವರಲ್ಲ. ಬಳಕೆಯ ನಡುವೆ ಬೆಳೆದು ಕಲಿತೆವು. ಇಂಗ್ಲಿಷಿನ ವಿದ್ಯಾರ್ಥಿಗೆ ಆ ಭಾಗ್ಯವಿಲ್ಲ. ಒಂಟಿ ಪದಗಳ ಪಟ್ಟಿಯನ್ನು ಅವನಿಂದ ಬಾಯಿಪಾಠ ಮಾಡಿಸುವ ನಾವು, ಪದಗಳು ಯಾರೊಡನೆ ಕೂಡಿದಾಗ ಹೇಗೆ ನಡೆದುಕೊಳ್ಳುತ್ತವೆಂಬುದನ್ನು ವಾಕ್ಯಗಳ ಮೂಲಕ ತೋರಿಸುವುದು ಅಪರೂಪ. ಗೆಳೆಯರ ಮುಂದೆ ತಬ್ಬಿಬ್ಬಾದ ಹುಡುಗನು ದಡ್ಡನಲ್ಲ. ಅವನಿಗೆ ಪದದ ಪರಿಚಯವಿದೆ. ಅದರ ಸಹವಾಸದ ಪರಿಚಯವನ್ನು ನಾವಿನ್ನೂ ಮಾಡಿಸಿಲ್ಲ.