ಚಾಲಕನಿಲ್ಲದ ಟ್ಯಾಕ್ಸಿ, ಅಡವಿಟ್ಟ ಬಳೆ

ಹುಡುಗ ಓದಲ್ಲ ಅಂತಾದರೆ ನಮ್ಮ ಮನೆಗಳಲ್ಲಿ ಒಂದೇ ಮಾತು: “ದುಬೈಗೆ ಹೋಗಿ ಲೈಸೆನ್ಸ್ ಮಾಡ್ಲಿ.” ಆ ಲೈಸೆನ್ಸ್ ಸುಲಭದ್ದಲ್ಲ. ಕ್ಲಾಸು, ಟೆಸ್ಟು, ಫೇಲಾದರೆ ಮತ್ತೆ ಫೀಸು. ಉಮ್ಮನ ಬಳೆ ಅಡವಿಟ್ಟು ದುಡ್ಡು ಕಳಿಸಿದ ಮನೆಗಳು ನಮ್ಮಲ್ಲಿ ಒಂದೆರಡಲ್ಲ. ಆದರೆ ಅದೇ ಕಾರ್ಡಿನಿಂದ ತಂಗಿಯರ ಮದುವೆಯೂ ಆಗಿದೆ, ಮನೆಗೆ ತಾರಸಿಯೂ ಬಿದ್ದಿದೆ.

2009ರಲ್ಲಿ ದುಬೈ ಮೆಟ್ರೋ ಶುರುವಾದಾಗಲೇ ಅದಕ್ಕೆ ಚಾಲಕ ಇರಲಿಲ್ಲ. ನಾವು ಅದನ್ನು ತಮಾಷೆ ಅಂತ ನೋಡಿದೆವು. 2030ಕ್ಕೆ ನಗರದ ಪ್ರಯಾಣದಲ್ಲಿ ನೂರಕ್ಕೆ 25 ಪಾಲು ಹಾಗೇ ಆಗಬೇಕೆಂದು 2016ರಲ್ಲಿ ದುಬೈ ಗುರಿ ಇಟ್ಟಿತು. ಈ ಲೆಕ್ಕದಲ್ಲಿ ಮೆಟ್ರೋವೂ ಸೇರುತ್ತದೆ, ನಾಳೆಯೇ ಟ್ಯಾಕ್ಸಿಯವರ ಕೆಲಸ ಹೋಗುತ್ತದೆ ಅಂತಲ್ಲ. ಆದರೂ ಅಬುಧಾಬಿಯ ಯಾಸ್ ದ್ವೀಪದಲ್ಲಿ 2021ರಲ್ಲೇ ಸ್ವಯಂಚಾಲಿತ ಟ್ಯಾಕ್ಸಿ ಜನರನ್ನು ಹತ್ತಿಸಿಕೊಂಡಿತು.

ಐವತ್ತರ ಡ್ರೈವರ್ ಹೇಗೋ ದಾಟಿಯಾನು. ಇಪ್ಪತ್ತರ ಹುಡುಗನದ್ದೇ ನಮ್ಮ ಚಿಂತೆ. ಆ ಕಾರಿಗೂ ಟಯರು, ಬ್ಯಾಟರಿ, ಏಸಿ ಇದೆ. ರಿಪೇರಿಗೆ ಕೈ ಬೇಕಲ್ಲ? ಬಳೆ ಅಡವಿಡುವ ಮೊದಲು ಹುಡುಗನನ್ನು ಐಟಿಐಗೆ ಒಮ್ಮೆ ಕರ್ಕೊಂಡು ಹೋಗಿ ಅಂತ ಮದ್ರಸಕ್ಕೆ ಬರುವ ಹೆತ್ತವರಿಗೆ ಹೇಳ್ತಿದ್ದೇವೆ. ಕೆಲವರು ಕೇಳ್ತಾರೆ. ಕೆಲವರು “ಉಸ್ತಾದರಿಗೆ ಗಲ್ಫ್ ಏನು ಗೊತ್ತು” ಅಂತ ನಗ್ತಾರೆ.