ವಾಷ್‌ಬೇಸಿನ್ ಕಪಾಟು: ಆಯ್ಕೆ, ತಯಾರಿಕೆ ಮತ್ತು ನವೀಕರಣ

ವಾಷ್‌ಬೇಸಿನ್ ಕೆಳಗೆ ಅಳವಡಿಸುವ, ವ್ಯಾಪಾರದಲ್ಲಿ 'ವ್ಯಾನಿಟಿ' ಎಂದು ಕರೆಯಲಾಗುವ ಕಪಾಟು ಇಂದು ಮಹಾನಗರಗಳ ಸರಕಾಗಿ ಮಾತ್ರ ಉಳಿದಿಲ್ಲ. ಅಫಜಲಪುರ ತಾಲ್ಲೂಕಿನ ಕರಜಗಿಯಂತಹ ಊರಿನಲ್ಲಿ ಹೊಸ ಮನೆ ಕಟ್ಟಿಸುವವರೂ ಇದನ್ನು ಕೇಳಬಹುದು. ಆದರೆ ಮಾರಿದ ಕಪಾಟು ವರ್ಷ ತುಂಬುವುದರೊಳಗೆ ಉಬ್ಬಿ ಬಿರಿದರೆ ನಷ್ಟ ಗಿರಾಕಿಗಷ್ಟೇ ಅಲ್ಲ. ಸಣ್ಣ ಊರಿನಲ್ಲಿ ಆ ಸುದ್ದಿ ಅಂಗಡಿಯ ಹೆಸರಿನೊಂದಿಗೇ ಹರಡುತ್ತದೆ. ಆದ್ದರಿಂದ ವರ್ತಕರೂ ಬಡಗಿ ಉದ್ಯಮಿಗಳೂ ಅಂದಕ್ಕಿಂತ ಮೊದಲು ನೀರಿನ ಬಗ್ಗೆ ಯೋಚಿಸುವುದು ಅವಶ್ಯ.

ನೀರು ಬರುವ ದಾರಿ

ಕ್ಯಾಟಲಾಗುಗಳಲ್ಲಿ ಕಾಣುವ ಎಷ್ಟೋ ವಿನ್ಯಾಸಗಳು ನೆಲ ಒಣಗಿರುವ ಸ್ನಾನಗೃಹಗಳಿಗಾಗಿ ರೂಪುಗೊಂಡವು. ನಮ್ಮಲ್ಲಿ ಬಕೆಟ್ಟು-ಚೊಂಬಿನ ಸ್ನಾನ. ನೆಲಕ್ಕೆ ನೀರು ಸುರಿದು ತೊಳೆಯುವ ರೂಢಿ. ಹೀಗಾಗಿ ಕಪಾಟು ಮೊದಲು ಕೆಡುವುದು ತಳದಿಂದ. ನೆಲಕ್ಕೆ ತಾಗಿ ಕೂರಿಸುವ ಬದಲು 8ರಿಂದ 10 ಅಂಗುಲ ಎತ್ತರದಲ್ಲಿ ಗೋಡೆಗೆ ತೂಗುಹಾಕುವುದು ಉತ್ತಮ. ಗೋಡೆ ಭಾರ ತಡೆಯದಿದ್ದಲ್ಲಿ ಸ್ಟೇನ್‌ಲೆಸ್ ಸ್ಟೀಲ್ ಕಾಲುಗಳನ್ನು ಕೊಡಬಹುದು.

ಹಲಗೆಯ ಆಯ್ಕೆ

ಪಾರ್ಟಿಕಲ್ ಬೋರ್ಡ್ ಮತ್ತು ಎಂಡಿಎಫ್ ಅಗ್ಗವಾದರೂ ಅಂಚಿನಿಂದ ನೀರು ಹೀರಿ ಉಬ್ಬುತ್ತವೆ. ಪ್ಲೈವುಡ್‌ನಲ್ಲಿ ಐಎಸ್ 303ರ ಎಂಆರ್ ದರ್ಜೆಯು ತೇವವನ್ನು ತಾಳಬಲ್ಲದೇ ಹೊರತು ನೀರನ್ನಲ್ಲ. ಸ್ನಾನಗೃಹಕ್ಕೆ ಅದೇ ಮಾನಕದ ಬಿಡಬ್ಲ್ಯೂಆರ್ ದರ್ಜೆ ಅಥವಾ 72 ಗಂಟೆಗಳ ಕುದಿನೀರಿನ ಪರೀಕ್ಷೆಗೆ ಒಳಪಡುವ ಐಎಸ್ 710ರ ಮರೀನ್ ಪ್ಲೈವುಡ್ ತಕ್ಕದ್ದು. ಪ್ಲೈವುಡ್‌ಗೆ ಐಎಸ್‌ಐ ಗುರುತನ್ನು ಕಡ್ಡಾಯಗೊಳಿಸುವ ಕೇಂದ್ರ ಸರ್ಕಾರದ ಆದೇಶವು 2025ರಲ್ಲಿ ಜಾರಿಗೆ ಬಂದಿದೆ. ಖರೀದಿಯ ವೇಳೆ ಹಲಗೆಯ ಮೇಲಿನ ಗುರುತನ್ನೂ ದರ್ಜೆಯನ್ನೂ ನೋಡಿ, ದರ್ಜೆಯನ್ನು ಬಿಲ್ಲಿನಲ್ಲಿ ಬರೆಸಿಕೊಳ್ಳಬೇಕು.

ಪಿವಿಸಿ ಬೋರ್ಡಿಗೆ ನೀರಿನ ಭಯವಿಲ್ಲ, ಗೆದ್ದಲು ಹಿಡಿಯುವುದಿಲ್ಲ. ಆದರೆ ಸ್ಕ್ರೂ ಹಿಡಿತದಲ್ಲಿ ಅದು ಪ್ಲೈವುಡ್‌ಗೆ ಸಮನಲ್ಲ. ಕಲ್ಲಿನ ಭಾರವನ್ನು ಅದರ ಮೇಲೆ ಹೊರಿಸದೆ ಗೋಡೆಗೆ ಬಿಗಿದ ಬ್ರಾಕೆಟ್ಟುಗಳ ಮೇಲೆ ಹೊರಿಸಬೇಕು. ಯಾವ ಹಲಗೆಯಾದರೂ ಕೊಳವೆಗಾಗಿ ಕೊರೆದ ರಂಧ್ರದ ಅಂಚನ್ನು ಸಿಲಿಕೋನ್‌ನಿಂದ ಮುಚ್ಚುವುದನ್ನು ಮರೆಯಬಾರದು.

ಮೇಲಿನ ಕಲ್ಲು

ನಮ್ಮ ಜಿಲ್ಲೆಯದೇ ಆದ ಶಹಾಬಾದ್ ಕಲ್ಲನ್ನು ಪಾಲಿಶ್ ಮಾಡಿ ಮೇಲ್ಹಾಸಾಗಿ ಬಳಸಬಹುದು. ಆದರೆ ಇದು ಸುಣ್ಣದ ಕಲ್ಲು. ಗಡಸು ನೀರಿನ ಬಿಳಿ ಕಲೆ ತೆಗೆಯಲೆಂದು ಆಸಿಡ್, ಟಾಯ್ಲೆಟ್ ಕ್ಲೀನರ್ ಅಥವಾ ನಿಂಬೆರಸ ಹಾಕಿದರೆ ಕಲ್ಲಿನ ಮೈ ಸವೆದು ಹೊಳಪು ಹೋಗುತ್ತದೆ. ಈ ಎಚ್ಚರಿಕೆಯನ್ನು ಮಾರುವಾಗಲೇ ಗಿರಾಕಿಗೆ ತಿಳಿಸಿದಲ್ಲಿ ಮುಂದಿನ ತಕರಾರು ತಪ್ಪುತ್ತದೆ. ಆಸಿಡ್ ಬಳಕೆ ತಪ್ಪದ ಮನೆಗಳಿಗೆ ಗ್ರಾನೈಟ್ ಲೇಸು.

ತಯಾರಕರಿಗೆ ಒಂದು ಲೆಕ್ಕ

24 ಅಂಗುಲ ಅಗಲ, 18 ಅಂಗುಲ ಆಳ, 22 ಅಂಗುಲ ಎತ್ತರದ ಕಪಾಟಿಗೆ ಎರಡು ಪಕ್ಕ, ತಳ, ಎರಡು ಬಾಗಿಲು ಮತ್ತು ಮೇಲಿನ ಎರಡು ಪಟ್ಟಿ ಸೇರಿ ಸುಮಾರು 13.5 ಚದರ ಅಡಿ ಹಲಗೆ ಬೇಕಾಗುತ್ತದೆ. 8×4 ಅಡಿಯ ಹಾಳೆಯಲ್ಲಿ 32 ಚದರ ಅಡಿ ಇರುವುದರಿಂದ, ಒಂದನ್ನೇ ತಯಾರಿಸಿದರೆ ಅರ್ಧಕ್ಕಿಂತ ಹೆಚ್ಚು ಹಲಗೆ ಉಳಿಯುತ್ತದೆ. ಎರಡನ್ನು ಒಟ್ಟಿಗೆ ಕತ್ತರಿಸಿದರೆ ಉಳಿಯುವುದು ಸುಮಾರು 5 ಚದರ ಅಡಿ ಮಾತ್ರ. ಹಿಂಬದಿಯ ತೆಳು ಹಲಗೆಯ ಲೆಕ್ಕ ಬೇರೆ. ಅಳತೆಗಳನ್ನು ನಿಗದಿಪಡಿಸಿಕೊಂಡು ಜೋಡಿಯಾಗಿ ತಯಾರಿಸುವುದು ಲಾಭದಾಯಕ.

ಹಳೆಯ ಕಪಾಟಿನ ನವೀಕರಣ

ಹೊಸತನ್ನು ಕೊಳ್ಳುವಂತೆ ಹೇಳುವ ಮುನ್ನ ತಳದ ಹಲಗೆಯನ್ನು ಬೆರಳಿನಿಂದ ಒತ್ತಿ ನೋಡಬೇಕು. ಗಟ್ಟಿಯಾಗಿದ್ದರೆ ಬಾಗಿಲು, ಮೈಕಾ ಮತ್ತು ತುಕ್ಕು ಹಿಡಿದ ಕೀಲುಗಳನ್ನು ಬದಲಿಸಿದರೆ ಸಾಕು. ಹೊಸ ಕೀಲುಗಳು 304 ದರ್ಜೆಯ ಸ್ಟೇನ್‌ಲೆಸ್ ಸ್ಟೀಲಿನವಾಗಿರಲಿ. ತಳ ಮೆತ್ತಗಾಗಿದ್ದರೆ ಮೊದಲು ಕೊಳವೆಯ ಸೋರಿಕೆಯನ್ನು ಸರಿಪಡಿಸಬೇಕು; ಇಲ್ಲವಾದರೆ ಹೊಸ ಕಪಾಟಿಗೂ ಅದೇ ಗತಿ.

ದೂರದ ಕಾರ್ಖಾನೆಯಿಂದ ಬರುವ ಸಿದ್ಧ ಕಪಾಟಿನೊಡನೆ ಬೆಲೆಯಲ್ಲಿ ಸ್ಪರ್ಧಿಸುವುದು ಸ್ಥಳೀಯ ತಯಾರಕರಿಗೆ ಕಷ್ಟವಾಗಬಹುದು. ಆದರೆ ಗಿರಾಕಿಯ ಬಚ್ಚಲುಮನೆಯನ್ನು ಖುದ್ದಾಗಿ ನೋಡಿ, ನೀರು ಬೀಳುವ ಜಾಗವನ್ನು ಗುರುತಿಸಿ ಕೆಲಸ ಮಾಡುವ ಅವಕಾಶ ಇವರಿಗಿದೆ. ಇದನ್ನು ಸದುಪಯೋಗಪಡಿಸಿಕೊಂಡಲ್ಲಿ ವ್ಯಾಪಾರವೂ ವಿಶ್ವಾಸವೂ ಊರಿನಲ್ಲಿಯೇ ಉಳಿಯುತ್ತವೆ.