ತಿಮಿಂಗಿಲದ ಕುಲ ಹೇಳುವ ಡಿಎನ್‌ಎ ತುಣುಕುಗಳು

ತಿಮಿಂಗಿಲವು ಮೀನಲ್ಲ, ಮರಿಗೆ ಹಾಲೂಡಿಸುವ ಸಸ್ತನಿ ಎಂಬುದರಲ್ಲಿ ಪ್ರಾಣಿವಿಜ್ಞಾನಿಗಳಿಗೆ ಬಹುಕಾಲದಿಂದ ಒಮ್ಮತವಿದ್ದರೂ, ನೆಲದ ಮೇಲಿನ ಯಾವ ಸಸ್ತನಿ ಅದಕ್ಕೆ ಹತ್ತಿರದ ಬಂಧು ಎಂಬ ಪ್ರಶ್ನೆ ಇಪ್ಪತ್ತನೆಯ ಶತಮಾನದ ಕೊನೆಯವರೆಗೂ ಬಗೆಹರಿದಿರಲಿಲ್ಲ. ಹಲ್ಲುಗಳ ಹೋಲಿಕೆಯನ್ನು ನೆಚ್ಚಿದ ಪಳೆಯುಳಿಕೆ ತಜ್ಞರು ಮೆಸೊನಿಕಿಡ್ ಎಂಬ, ಅಳಿದುಹೋದ ಮಾಂಸಾಹಾರಿ ಪ್ರಾಣಿಗಳ ಕಡೆ ಬೆರಳು ತೋರುತ್ತಿದ್ದರು. ಕಡಲಿಗಿಳಿದು ಹಿಂಗಾಲುಗಳನ್ನೇ ಕಳೆದುಕೊಂಡ ಪ್ರಾಣಿಯ ಕುಲವನ್ನು ಮೈಕಟ್ಟಿನಿಂದ ನಿರ್ಧರಿಸುವುದು ಕಷ್ಟವೇ ಸರಿ. ಉತ್ತರದ ಸುಳಿವು ದೊರೆತದ್ದು ಡಿಎನ್‌ಎಯಲ್ಲಿ.

ಸಸ್ತನಿಗಳ ಡಿಎನ್‌ಎಯಲ್ಲಿ ಪ್ರೋಟೀನ್ ತಯಾರಿಕೆಗೆ ಸೂಚನೆ ಕೊಡುವ ಭಾಗ ಅತ್ಯಲ್ಪವಾಗಿದ್ದು, ಒಂದೇ ತೆರನಾದ ತುಣುಕುಗಳು ಸಾವಿರಾರು ಕಡೆ ಮರುಕಳಿಸುತ್ತವೆ. ಇವುಗಳಲ್ಲಿ ಸುಮಾರು 100ರಿಂದ 500 ಬೇಸ್ ಜೋಡಿಗಳಷ್ಟು ಉದ್ದವಿರುವ ಗಿಡ್ಡ ತುಣುಕುಗಳನ್ನು ‘ಸೈನ್’ ಎನ್ನುತ್ತಾರೆ. ಸೈನ್ ಮೊದಲು ಆರ್‌ಎನ್‌ಎಯಾಗಿ ನಕಲಾಗಿ, ಆ ನಕಲು ಮತ್ತೆ ಡಿಎನ್‌ಎ ರೂಪ ತಳೆದು ಬೇರೊಂದು ಜಾಗದಲ್ಲಿ ಸೇರಿಕೊಳ್ಳುತ್ತದೆ. ಮೂಲ ತುಣುಕು ಇದ್ದಲ್ಲೇ ಉಳಿಯುತ್ತದೆ. ಹೀಗೆ ಸೇರಿದ್ದು ಗುರುತಿಲ್ಲದಂತೆ ಕಳಚಿಹೋಗುವುದೂ, ಎರಡು ವಂಶಗಳಲ್ಲಿ ಪ್ರತ್ಯೇಕವಾಗಿ ಅದೇ ಜಾಗಕ್ಕೆ ಬಂದು ಸೇರುವುದೂ ತೀರ ಅಪರೂಪವಾದ್ದರಿಂದ, ಒಂದೇ ಜಾಗದಲ್ಲಿ ಒಂದೇ ಸೈನ್ ಹೊಂದಿರುವ ಪ್ರಾಣಿಗಳು ಅದನ್ನು ಸಮಾನ ಪೂರ್ವಜನಿಂದ ಪಡೆದಿವೆ ಎಂದೇ ಎಣಿಸಲಾಗುತ್ತದೆ. ಬಿಡಿ ಬೇಸ್‌ಗಳ ಬದಲಾವಣೆಯನ್ನು ಲೆಕ್ಕಹಾಕುವ ವಿಧಾನಕ್ಕೆ ಇಷ್ಟು ಭರವಸೆಯಿಲ್ಲ. ಇರುವುದೇ ನಾಲ್ಕು ಬಗೆಯ ಬೇಸ್‌ಗಳಾದ್ದರಿಂದ ಒಂದೇ ಬದಲಾವಣೆ ಎರಡು ಕಡೆ ತಾನಾಗಿ ಉಂಟಾಗಬಲ್ಲದು.

ಪರೀಕ್ಷೆಯ ಕ್ರಮ ಸರಳವಾದದ್ದು. ಸೈನ್ ಇರುವ ಜಾಗದ ಎರಡೂ ಬದಿಯ ಡಿಎನ್‌ಎಗೆ ಹೊಂದುವ ಪ್ರೈಮರ್ ಎಂಬ ಗಿಡ್ಡ ಡಿಎನ್‌ಎ ಎಳೆಗಳನ್ನು ಬಳಸಿ, ನಡುವಿನ ಭಾಗವನ್ನು ಪಿಸಿಆರ್ ಮೂಲಕ ಲಕ್ಷಗಟ್ಟಲೆ ಪ್ರತಿಗಳಾಗಿ ಬೆಳೆಸಿ, ಜೆಲ್‌ನಲ್ಲಿ ವಿದ್ಯುತ್ ಹಾಯಿಸಿದಾಗ, ಸೈನ್ ಇರುವ ಉದ್ದನೆಯ ತುಣುಕು ನಿಧಾನವಾಗಿ ಸರಿದು ಹಿಂದುಳಿದರೆ, ಇಲ್ಲದ ಗಿಡ್ಡ ತುಣುಕು ಮುಂದೆ ಸಾಗುತ್ತದೆ. ಬಳಿಕ ಬೇಸ್‌ಗಳ ಅನುಕ್ರಮವನ್ನು ಓದಿ, ಅದು ಅದೇ ಸೈನ್ ಹೌದೇ ಎಂದು ಖಚಿತಪಡಿಸಿಕೊಳ್ಳಬೇಕು.

ಜಪಾನಿನ ನೊರಿಹಿರೊ ಒಕಾಡಾ ಅವರ ತಂಡ 1997ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ತಿಮಿಂಗಿಲ, ನೀರಾನೆ ಮತ್ತು ಮೆಲುಕು ಹಾಕುವ ದನ, ಜಿಂಕೆಗಳಂಥ ಪ್ರಾಣಿಗಳಲ್ಲಿ ಸಮಾನವಾಗಿದ್ದು, ಹಂದಿ ಮತ್ತು ಒಂಟೆಗಳಲ್ಲಿ ಇಲ್ಲದ ಸೈನ್‌ಗಳು ಕಂಡುಬಂದವು. 1999ರ ಮುಂದಿನ ಅಧ್ಯಯನವು ತಿಮಿಂಗಿಲ ಮತ್ತು ನೀರಾನೆಗಳೆರಡರಲ್ಲೇ ಇರುವ ತುಣುಕುಗಳನ್ನು ತೋರಿಸಿ, ಈಗ ಬದುಕಿರುವ ಪ್ರಾಣಿಗಳಲ್ಲಿ ನೀರಾನೆಯೇ ತಿಮಿಂಗಿಲದ ಅತಿ ಹತ್ತಿರದ ಬಂಧು ಎಂದು ಸಾರಿತು. ಹಂದಿಯ ಬಳಗಕ್ಕೆ ಸೇರಿದ್ದೆಂದು ಪಠ್ಯಪುಸ್ತಕಗಳು ಹೇಳುತ್ತ ಬಂದಿದ್ದ ನೀರಾನೆಯ ಸ್ಥಾನವೂ ಇದರಿಂದ ಬದಲಾಯಿತು. ಪಳೆಯುಳಿಕೆಗಳ ಬೆಂಬಲ ದೊರೆತದ್ದು 2001ರಲ್ಲಿ: ಪಾಕಿಸ್ತಾನದಲ್ಲಿ ಸಿಕ್ಕ ಪ್ರಾಚೀನ ತಿಮಿಂಗಿಲಗಳ ಹರಡಿನ ಮೂಳೆಯು ಎರಡೂ ತುದಿಗಳಲ್ಲಿ ರಾಟೆಯ ಆಕಾರದಲ್ಲಿದ್ದು, ಅದು ದನ, ಹಂದಿ, ನೀರಾನೆಗಳು ಸೇರುವ ಸಮಗೊರಸಿನ ಪ್ರಾಣಿಗಳ ಖಾಸಾ ಲಕ್ಷಣವಾಗಿತ್ತು.

ಅದೇ ವರ್ಷ ಒಕಾಡಾ ತಂಡವು ಸ್ಪರ್ಮ್ ತಿಮಿಂಗಿಲವು ಹಲ್ಲುಳ್ಳ ತಿಮಿಂಗಿಲಗಳ ಗುಂಪಿಗೇ ಸೇರಿದ್ದೆಂದೂ, ಭಾರತದ ಗಂಗಾನದಿಯ ಡಾಲ್ಫಿನ್‌ಗೆ ಅಮೆಜಾನಿನ ನದಿ ಡಾಲ್ಫಿನ್ ಹತ್ತಿರದ ಬಂಧುವಲ್ಲವೆಂದೂ ತೋರಿಸಿತು. ಆದರೆ ಹಲ್ಲಿಲ್ಲದ ಬಲೀನ್ ತಿಮಿಂಗಿಲಗಳ ವಿಷಯದಲ್ಲಿ ಸೈನ್‌ಗಳೇ ಒಂದಕ್ಕೊಂದು ವಿರುದ್ಧವಾದ ಸಾಕ್ಷ್ಯ ನುಡಿದವು. ಪೂರ್ವಜರ ಸಮುದಾಯದಲ್ಲಿ ಕೆಲವಕ್ಕೆ ಮಾತ್ರ ಇದ್ದ ತುಣುಕು ಎಲ್ಲಕ್ಕೂ ಹರಡುವ ಅಥವಾ ಪೂರ್ತಿ ಮರೆಯಾಗುವ ಮುನ್ನವೇ ವಂಶಗಳು ಬೇಗಬೇಗನೆ ಕವಲೊಡೆದರೆ, ಅದು ಯಾವ ಕವಲಿನಲ್ಲಿ ಉಳಿಯುತ್ತದೆ ಎಂಬುದು ಆಕಸ್ಮಿಕವಾಗಿಬಿಡುತ್ತದೆ. ಅಂಥಲ್ಲಿ ಒಂದೆರಡು ಸೈನ್‌ಗಳನ್ನು ನಂಬಿ ವಂಶವೃಕ್ಷ ಬರೆಯಲಾಗದು.